ಹಾಂಗ್‌ಕಾಂಗ್ ಶಾಸನಸಭೆಯ ಹಳೆಯ ನಡಾವಳಿಗಳು: ಬಾಡಿಗೆ ಕಾಯ್ದೆ ಓದುವವರು ನೋಡಲೇಬೇಕಾದ ಜಾಲತಾಣ

ಬ್ರಿಟಿಷರ ಆಳ್ವಿಕೆಯಲ್ಲಿ ಮನೆ ಬಾಡಿಗೆಗೆ ಕಡಿವಾಣ ಹಾಕುವ ವಿಷಯ ಬಂದಾಗ ಸರ್ಕಾರ ಯಾರ ಮಾತಿಗೆ ಕಿವಿಗೊಟ್ಟಿತು, ಎಲ್ಲಿ ಎಡವಿತು ಎಂಬುದನ್ನು ಮೂಲ ದಾಖಲೆಯಲ್ಲೇ ಓದಬಯಸುವವರಿಗೆ ಹಾಂಗ್‌ಕಾಂಗ್ ಶಾಸನಸಭೆಯ ಜಾಲತಾಣದಷ್ಟು ಅನುಕೂಲವಾದದ್ದನ್ನು ನಾನು ಬೇರೆ ಕಂಡಿಲ್ಲ. ಶುಲ್ಕವಿಲ್ಲ, ಹೆಸರು ನೋಂದಾಯಿಸುವ ಗೋಜಿಲ್ಲ. ಒಂದೊಂದು ದಿನದ ಕಲಾಪವೂ ಒಂದೊಂದು ಪಿಡಿಎಫ್ ಕಡತವಾಗಿ ವರ್ಷವಾರು ಸಿಗುತ್ತದೆ. ಬಳ್ಳಾರಿಯಲ್ಲಿ ಎಚ್.ಆರ್.ಸಿ. (ಮನೆ ಬಾಡಿಗೆ ನಿಯಂತ್ರಣ) ಕೇಸುಗಳನ್ನು ನಡೆಸಿದ ವಕೀಲನಾಗಿ ನನಗೆ ಇದು ಬಹಳ ಉಪಯೋಗಕ್ಕೆ ಬಂದಿದೆ.

ಮುಖ್ಯವಾಗಿ ಓದಬೇಕಾದದ್ದು 1921ರ ಕಡತಗಳನ್ನು. 1911ರ ಜನಗಣತಿಯಲ್ಲಿ 4,56,739 ಇದ್ದ ಹಾಂಗ್‌ಕಾಂಗ್‌ನ ಜನಸಂಖ್ಯೆ 1921ಕ್ಕೆ 6,25,166 ಆಗಿತ್ತು. ಚೀನಾದ ಒಳಗಿನ ಗಲಭೆಗಳಿಗೆ ಅಂಜಿ ಬಂದವರಿಗೆ ಮನೆಗಳು ಸಾಲದೆ ಬಾಡಿಗೆ ಏರತೊಡಗಿದಾಗ, ಸರ್ಕಾರವು 1920ರ ಡಿಸೆಂಬರ್ 31ರಂದು ಇದ್ದ ಬಾಡಿಗೆಯನ್ನೇ ಆಧಾರವಾಗಿಟ್ಟು ಏರಿಕೆಯನ್ನು ತಡೆಯುವ ಕಾಯ್ದೆ ತಂದಿತು. ಆದರೆ ಕಟ್ಟಡ ಕೆಡವಿ ಹೊಸದಾಗಿ ಕಟ್ಟುವುದಾದರೆ ಬಾಡಿಗೆದಾರರನ್ನು ಹೊರಹಾಕಬಹುದೆಂಬ ಅವಕಾಶವೂ ಅದರಲ್ಲಿತ್ತು. ಮಾಲೀಕರು ಆ ಕಿಂಡಿಯನ್ನೇ ಹಿಡಿದರು. ಯಾರ ರಕ್ಷಣೆಗೆಂದು ಕಾಯ್ದೆ ಬಂದಿತ್ತೋ ಅವರೇ ಬೀದಿಗೆ ಬೀಳತೊಡಗಿದಾಗ ಸರ್ಕಾರ ತಿದ್ದುಪಡಿಗಾಗಿ ಮತ್ತೆ ಸಭೆಯ ಮುಂದೆ ಬರಬೇಕಾಯಿತು.

ಇದನ್ನು ಓದುವಾಗ ನಮ್ಮ ಕರ್ನಾಟಕದ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ 21(1)(ಜೆ) ಕಲಮು ನೆನಪಾಗದೆ ಇರದು. ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುತ್ತೇನೆಂದು ಮಾಲೀಕ ಅರ್ಜಿ ಹಾಕುತ್ತಿದ್ದದ್ದು ಆ ಕಲಮಿನಡಿಯಲ್ಲೇ. ಅದು ನಿಜವಾದ ಅಗತ್ಯವೋ ಬರೀ ನೆಪವೋ ಎಂಬುದರ ಮೇಲೆಯೇ ಪಾಟೀಸವಾಲು ನಡೆಯುತ್ತಿತ್ತು. ಅದಕ್ಕೂ ಮೊದಲು, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ, ಬಳ್ಳಾರಿ ಮದ್ರಾಸಿನ ಆಡಳಿತದಲ್ಲಿತ್ತು. ಎರಡನೆಯ ಮಹಾಯುದ್ಧದ ಕಾಲದ ಆದೇಶಗಳಿಂದ ಬೆಳೆದು ಬಂದ ಮದ್ರಾಸ್ ಬಾಡಿಗೆ ಕಾಯ್ದೆಯು 1940ರ ಏಪ್ರಿಲ್‌ಗೆ ಹಿಂದಿನ ಹನ್ನೆರಡು ತಿಂಗಳ ಬಾಡಿಗೆ ದರವನ್ನು ಲೆಕ್ಕಕ್ಕೆ ಹಿಡಿಯುತ್ತಿತ್ತು. ಹಿಂದಿನ ಯಾವುದೋ ಒಂದು ದಿನಾಂಕಕ್ಕೆ ಬಾಡಿಗೆಯನ್ನು ಕಟ್ಟಿಹಾಕುವ ಕ್ರಮ ಎರಡೂ ಕಡೆ ಒಂದೇ. ಬಳ್ಳಾರಿ ಬಳಿಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಬೆಳೆದ ಮೇಲೆ ಸುತ್ತಮುತ್ತ ಬಾಡಿಗೆ ಮನೆಗೆ ಅಲೆದವರಿಗೆ, ದಿಢೀರನೆ ಜನ ಹೆಚ್ಚಿದ ಊರಿನ ಆ ಚರ್ಚೆ ದೂರದ್ದೆನಿಸಲಾರದು.

ಕೊರತೆಗಳಿಲ್ಲದಿಲ್ಲ. ಕಡತಗಳು ದಿನಾಂಕದ ಪ್ರಕಾರ ಇರುವುದರಿಂದ, ಮಸೂದೆ ಎಂದು ಮಂಡನೆಯಾಯಿತು, ಎಂದು ತಿದ್ದುಪಡಿಯಾಯಿತು ಎಂದು ತಿಳಿಯದವರು ವರ್ಷದ ಕಡತಗಳನ್ನೆಲ್ಲ ಒಂದೊಂದಾಗಿ ತೆರೆಯಬೇಕಾಗುತ್ತದೆ. ಸಣ್ಣ ಮೊಬೈಲಿನಲ್ಲಿ ಇದು ಕಣ್ಣಿಗೆ ಶ್ರಮ, ಕಂಪ್ಯೂಟರಿನಲ್ಲಿ ಓದುವುದೇ ಒಳ್ಳೆಯದು. ಅದಕ್ಕಿಂತ ದೊಡ್ಡ ಕೊರತೆ ದಾಖಲೆಯದೇ. ಪ್ರತಿ ಕಡತವೂ ಹಾಜರಿದ್ದವರ ಪಟ್ಟಿಯಿಂದ, ಅಧ್ಯಕ್ಷತೆ ವಹಿಸಿದ ಗವರ್ನರರ ಹೆಸರಿನಿಂದ ಆರಂಭವಾಗುತ್ತದೆ. ಆ ಪಟ್ಟಿಯಲ್ಲಿ ಜನರಿಂದ ಚುನಾಯಿತರಾದವರು ಒಬ್ಬರೂ ಇಲ್ಲ. ಆ ಸಭೆಗೆ ಚುನಾವಣೆ ಬಂದದ್ದೇ 1985ರಲ್ಲಿ. ಚರ್ಚೆಯೆಲ್ಲ ಇಂಗ್ಲಿಷಿನಲ್ಲಿ, ಬಾಡಿಗೆದಾರರೋ ಬಹುಪಾಲು ಚೀನೀ ಭಾಷೆಯ ಜನ. ಮನೆ ಬಿಡಿಸಿಕೊಂಡವರ ಸ್ವಂತ ಮಾತನ್ನು ಇಲ್ಲಿ ಹುಡುಕಿದರೆ ಸಿಗದು. ಅವರ ಕಷ್ಟವನ್ನು ಬೇರೆಯವರು ಹೇಳಿದ ಮಾತುಗಳಲ್ಲೇ ಗುರುತಿಸಿಕೊಳ್ಳಬೇಕು.

ಆದರೂ ನಮ್ಮ ಕಿರಿಯ ವಕೀಲರಿಗೂ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಇತಿಹಾಸ ವಿದ್ಯಾರ್ಥಿಗಳಿಗೂ ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. 1921ರ ಜುಲೈ ತಿಂಗಳ ಕಡತಗಳಿಂದ ಆರಂಭಿಸಿ, ಅಲ್ಲಿಗೇ ನಿಲ್ಲಿಸದೆ ಮುಂದಿನ ಎರಡು ವರ್ಷಗಳ ಕಡತಗಳನ್ನೂ ಓದಿರಿ. ಕಾಯ್ದೆಯ ಕಿಂಡಿ ಬಯಲಾಗುವುದು ಅಲ್ಲಿಯೇ.