ವಾರಂಟಿ ಇರುವಾಗಲೇ ಬೈಕಿಗೆ ಸ್ವಂತ ಸರ್ವಿಸ್: 38,000 ಕಿ.ಮೀ. ನಂತರದ ಲೆಕ್ಕ

ನನ್ನದು ಒಂಟಿ ಸಿಲಿಂಡರಿನ, ಲಿಕ್ವಿಡ್ ಕೂಲಿಂಗ್ ಇರುವ ಮಧ್ಯಮ ಗಾತ್ರದ ಬೈಕು. ಮೂರು ವರ್ಷದ ವಾರಂಟಿ ನಾಲ್ಕು ತಿಂಗಳ ಹಿಂದೆ ಮುಗಿಯಿತು. ಈ ಅವಧಿಯಲ್ಲಿ ಅದು ಸರ್ವಿಸ್ ಸೆಂಟರಿನ ಬಾಗಿಲು ಕಂಡದ್ದು ನಾಲ್ಕೇ ಸಲ: ಮೊದಲ 1,000 ಕಿ.ಮೀ. ಸರ್ವಿಸ್, ಒಂದು ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಬೈಕನ್ನು ಕರೆಸಿಕೊಳ್ಳುವುದು), ಒಂದು ವಾಲ್ವ್ ಪರೀಕ್ಷೆ, ಒಂದು ವಾರಂಟಿ ಕ್ಲೇಮ್. ವಾಲ್ವ್ ಪರೀಕ್ಷೆಯ ದಿನ ಅಲ್ಲಿ ಯಾರಾದರೂ ಸ್ಪ್ಯಾನರ್ ಎತ್ತಿಕೊಂಡರೇ ಎಂಬುದೇ ನನಗೆ ಅನುಮಾನ. ಆ ಕಥೆ ಮುಂದಿದೆ. ಉಳಿದದ್ದನ್ನೆಲ್ಲ ಕೈಪಿಡಿ ಎದುರಿಗಿಟ್ಟುಕೊಂಡು ನಾನೇ ಮಾಡಿದೆ.

ಇದಕ್ಕೆ ಕೈ ಹಾಕಿದ್ದು ಹವ್ಯಾಸದಿಂದಲ್ಲ, ಸಿಟ್ಟಿನಿಂದ. ಮೊದಲ ಸರ್ವಿಸ್ ಮುಗಿಸಿ ತಂದ ಮರುದಿನ ಬೈಕನ್ನು ನೇರವಾಗಿ ನಿಲ್ಲಿಸಿ ಆಯಿಲ್ ಗಾಜನ್ನು ನೋಡಿದೆ. ಆಯಿಲ್ ಮೇಲಿನ ಗೆರೆಯನ್ನೂ ದಾಟಿ ಗಾಜು ಪೂರ್ತಿ ತುಂಬಿತ್ತು. ಆಯಿಲ್ ಹೆಚ್ಚಾದರೆ ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಮಾಡುತ್ತವೆ, ಉಸಿರುಕೊಳವೆಯ ಮೂಲಕ ಅದು ಏರ್ ಫಿಲ್ಟರ್ ಡಬ್ಬಿಗೂ ನುಗ್ಗಬಹುದು. ಚೈನ್ ನೋಡಿದರೆ ತಂತಿಯಂತೆ ಬಿಗಿದಿತ್ತು. ಕೈಪಿಡಿ 30ರಿಂದ 40 ಮಿ.ಮೀ. ಸಡಿಲ ಕೇಳುವಲ್ಲಿ 10 ಮಿ.ಮೀ. ಕೂಡ ಇರಲಿಲ್ಲ. ಸಡಿಲ ಚೈನ್ ಗಲಾಟೆ ಮಾಡಿ ತನ್ನ ಸ್ಥಿತಿ ತಿಳಿಸುತ್ತದೆ. ಬಿಗಿಯಾದದ್ದು ಸುಮ್ಮನಿದ್ದು, ಹಿಂದಿನ ಸಸ್ಪೆನ್ಷನ್ ಕುಗ್ಗಿದಾಗಲೆಲ್ಲ ಗೇರ್‌ಬಾಕ್ಸಿನ ಹೊರ ಶಾಫ್ಟಿನ ಬೇರಿಂಗನ್ನು ಜಗ್ಗುತ್ತಿರುತ್ತದೆ. ಇಷ್ಟು ಕೆಟ್ಟದಾಗಿ ನಾನೂ ಮಾಡಬಲ್ಲೆ ಎಂದುಕೊಂಡೆ.

ಮೊದಲ ಆಯಿಲ್ ಬದಲಾವಣೆಗೆ ಮೂರು ಗಂಟೆ ಹಿಡಿಯಿತು, ಈಗ ನಲವತ್ತು ನಿಮಿಷ. ಸ್ಪ್ಯಾನರ್ ಹಿಡಿಯುವ ಮೊದಲು ಓದಬೇಕಾದದ್ದು ವಾರಂಟಿ ಪುಸ್ತಿಕೆ, ಅದರಲ್ಲೂ ಸರ್ವಿಸ್ ಬಗ್ಗೆ ಬರೆದಿರುವ ಒಂದೆರಡು ವಾಕ್ಯ. ಕೆಲವು ಕಂಪನಿಗಳು ‘ನಿಗದಿತ ವೇಳಾಪಟ್ಟಿಯಂತೆ ಸರ್ವಿಸ್ ಆಗಿರಬೇಕು’ ಎಂದಷ್ಟೇ ಬರೆಯುತ್ತವೆ. ಇನ್ನು ಕೆಲವು ‘ಅಧಿಕೃತ ಸರ್ವಿಸ್ ಸೆಂಟರಿನಲ್ಲಿಯೇ ಆಗಿರಬೇಕು’ ಎನ್ನುತ್ತವೆ. ಎರಡಕ್ಕೂ ಅಜಗಜಾಂತರ. ಕಾನೂನೂ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯ ಪ್ರಕಾರ, ಉಚಿತವಾಗಿ ಒದಗಿಸದ ಹೊರತು ‘ನಮ್ಮ ಬಿಡಿಭಾಗವನ್ನೇ, ನಮ್ಮ ಸೇವೆಯನ್ನೇ ಬಳಸಬೇಕು’ ಎಂದು ಕಂಪನಿ ವಾರಂಟಿಗೆ ಷರತ್ತು ಹಾಕುವುದು ಸಾಮಾನ್ಯವಾಗಿ ನಿಷಿದ್ಧ. ಎಲ್ಲೆಡೆಯೂ ಹೀಗೆಯೇ ಎಂದು ನಂಬಿ ಹೊರಟರೆ ಪೆಟ್ಟು ತಿನ್ನುತ್ತೀರಿ. ನನ್ನ ಪುಸ್ತಿಕೆ ಮೊದಲ ಬಗೆಯದು. ಎರಡನೆಯ ಬಗೆಯದಾಗಿದ್ದರೆ ವಾರಂಟಿ ಮುಗಿಯುವವರೆಗೆ ಚೈನ್, ಟೈರಿನ ಗಾಳಿ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ.

ಮೊದಲ ಬಗೆಯ ಪುಸ್ತಿಕೆ ಸಿಕ್ಕರೂ ಒಂದು ವಿಷಯ ಮನಸ್ಸಿನಲ್ಲಿರಲಿ. ನೀವೇ ಸರ್ವಿಸ್ ಮಾಡಿಕೊಂಡರೆ ವಾರಂಟಿ ಹೋಗುವುದಿಲ್ಲ, ಆದರೆ ರುಜುವಾತಿನ ಹೊರೆ ನಿಮ್ಮ ಹೆಗಲೇರುತ್ತದೆ. ಸರ್ವಿಸ್ ಸೆಂಟರ್ ಬರೀ ಮುದ್ರೆ ಒತ್ತಿದರೂ ಕೆಲಸ ಆಯಿತೆಂದೇ ಲೆಕ್ಕ. ನೀವು ಮೈ ಬಗ್ಗಿಸಿ ಮಾಡಿದರೂ ಕಾಗದ ತೋರಿಸದಿದ್ದರೆ ಆಗಿಲ್ಲವೆಂದೇ ಲೆಕ್ಕ. ಹಾಗಾಗಿ ಒಂದು ನೋಟ್‌ಬುಕ್ ಇಟ್ಟೆ. ದಿನಾಂಕ, ಓಡಿದ ಕಿಲೋಮೀಟರ್, ಮಾಡಿದ ಕೆಲಸ, ಹಾಕಿದ ವಸ್ತುವಿನ ಪೂರ್ಣ ಹೆಸರು ಮತ್ತು ಬ್ಯಾಚ್ ಸಂಖ್ಯೆ, ಬೋಲ್ಟಿಗೆ ಕೊಟ್ಟ ಟಾರ್ಕ್ (ಬಿಗಿತದ ಅಳತೆ), ಎಲ್ಲವೂ ಅದರಲ್ಲಿದೆ. ಬಿಲ್ಲುಗಳನ್ನು ಅದೇ ಪುಟಕ್ಕೆ ಅಂಟಿಸಿದೆ. ಶಾಯಿ ಮಾಸುವ ಬಿಲ್ಲುಗಳ ನೆರಳಚ್ಚು ತೆಗೆಸಿದೆ. ಆರು ತಿಂಗಳಲ್ಲಿ ಬಿಳಿ ಹಾಳೆಯಾಗುವ ಬಿಲ್ಲಿನಿಂದ ಏನನ್ನೂ ಸಾಬೀತು ಮಾಡಲಾಗದು. ಹಳೆಯ ಫಿಲ್ಟರನ್ನೂ ಹೊಸದನ್ನೂ ಮೀಟರಿನ ಪಕ್ಕದಲ್ಲಿಟ್ಟು ಒಂದೇ ಫೋಟೋದಲ್ಲಿ ಹಿಡಿದೆ. ಆಗ ಇದು ನನಗೇ ಅತಿ ಎನಿಸುತ್ತಿತ್ತು.

ಆಯಿಲ್ ವಿಷಯದಲ್ಲಿ ದಪ್ಪದ ಸಂಖ್ಯೆಯೊಂದನ್ನೇ ನೋಡಿದರೆ ಸಾಲದು. ಬಹುತೇಕ ಬೈಕುಗಳ ಕ್ಲಚ್ ಎಂಜಿನ್ ಆಯಿಲಿನಲ್ಲಿಯೇ ಮುಳುಗಿರುತ್ತದೆ. ಕಾರಿಗೆಂದು ತಯಾರಿಸಿದ, ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆತ ಆಯಿಲ್ ಹಾಕಿದರೆ ಕ್ಲಚ್ ಜಾರತೊಡಗಬಹುದು. ಡಬ್ಬಿಯ ಮೇಲೆ ಜಾಸೋ ಎಂಬ ಜಪಾನಿ ಮಾನದಂಡದ ಎಂಎ ಅಥವಾ ಎಂಎ2 ಗುರುತು ಇರಬೇಕು. ಎಂಬಿ ಎಂದಿದ್ದರೆ ಅದು ಘರ್ಷಣೆ ಕಡಿಮೆ ಇರುವ ದರ್ಜೆ, ಇಂಥ ಕ್ಲಚ್‌ಗೆ ಸಲ್ಲದು. ಡಬ್ಬಿಯ ಹಿಂಬದಿಯ ಫೋಟೋ ಕೂಡ ನನ್ನ ಕಡತದಲ್ಲಿದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಎರಡನೆಯ ಸಲ ಆಯಿಲ್ ಬದಲಿಸುವಾಗ, ಬಿಗಿತ ಅಳೆದು ಕೊಡುವ ಟಾರ್ಕ್ ರೆಂಚನ್ನು ಒಬ್ಬ ಗೆಳೆಯನಿಗೆ ಕೊಟ್ಟಿದ್ದೆ. ಕೈ ಅಂದಾಜು ಸಾಕೆಂದು, ಹಳೆಯ ಆಯಿಲ್ ಹೊರಬಿಡುವ ಡ್ರೈನ್ ಬೋಲ್ಟ್ ಬಿಗಿದೆ. ಒಮ್ಮೆ ಬಿಗಿಯಾಯಿತು, ಇನ್ನೊಂದು ಕಾಲು ಸುತ್ತು ಇರಲಿ ಎಂದು ತಿರುಗಿಸಿದೆ. ಆಮೇಲೆ ಬೆಣ್ಣೆಯಲ್ಲಿ ಚಾಕು ಆಡಿದಂತೆ ತಿರುಗುತ್ತಲೇ ಹೋಯಿತು. ಎಂಜಿನಿನ ತಳ ಅಲ್ಯೂಮಿನಿಯಂ, ಬೋಲ್ಟ್ ಉಕ್ಕು. ಗುದ್ದಾಟದಲ್ಲಿ ಸೋಲುವುದು ಯಾವುದೆಂದು ಹೇಳಬೇಕಿಲ್ಲ. ಯಂತ್ರದಂಗಡಿಯಲ್ಲಿ ರಂಧ್ರ ಕೊರೆಸಿ, ಕಿತ್ತುಹೋದ ತ್ರೆಡ್ಡಿನ ಬದಲಿಗೆ ಕೂರಿಸುವ ತಂತಿಯ ಸುರುಳಿ, ಅಂದರೆ ಹೆಲಿಕಾಯಿಲ್ ಹಾಕಿಸಿಕೊಂಡೆ. ಅದರ ಖರ್ಚು ನನ್ನದೇ, ವಾರಂಟಿಯ ಮಾತನ್ನೇ ಎತ್ತಲಿಲ್ಲ. ಆ ದಿನದ ಪುಟವನ್ನು ಬರೆಯದೆ ಬಿಡುವ ಆಸೆಯಾಯಿತು. ಬರೆದೆ, ತುಸು ಸಣ್ಣ ಅಕ್ಷರದಲ್ಲಿ.

ವಾಲ್ವಿಗೂ ಅದನ್ನು ಒತ್ತಿ ತೆರೆಯುವ ಕ್ಯಾಮಿಗೂ ನಡುವಿನ ಸಂದನ್ನು ಅಳೆಯುವ ವಾಲ್ವ್ ಪರೀಕ್ಷೆ 20,000 ಕಿ.ಮೀ.ಗೆ ಇತ್ತು. ಎಂಜಿನ್ ತಲೆ ತೆರೆಯುವ ಕೆಲಸ, ಇದೊಂದನ್ನು ಬಲ್ಲವರಿಗೆ ಕೊಡೋಣ ಎಂದುಕೊಂಡೆ. ಕೊಡುವ ಮೊದಲು, ಪೂರ್ಣ ನಂಬಿಕೆ ಇಲ್ಲದ ಕಾರಣ, ವಾಲ್ವ್ ಕವರಿನ ಎರಡು ಬೋಲ್ಟುಗಳಿಗೆ ಕಣ್ಣಿಗೆ ಬೀಳದಷ್ಟು ಬಣ್ಣದ ಚುಕ್ಕೆ ಇಟ್ಟೆ. ಅರ್ಧ ಬೋಲ್ಟಿನ ಮೇಲೆ, ಅರ್ಧ ಕವರಿನ ಮೇಲೆ. ಬಿಲ್ಲಿನಲ್ಲಿ ‘ವಾಲ್ವ್ ಪರೀಕ್ಷಿಸಲಾಗಿದೆ, ಸರಿಯಿದೆ’ ಎಂದಿತ್ತು. ಅಳತೆಗಳನ್ನು ಕೇಳಿದೆ. ‘ಎಲ್ಲ ಮಿತಿಯೊಳಗೇ ಇದೆ ಸರ್’ ಎಂದರು. ಮನೆಗೆ ತಂದು ಟ್ಯಾಂಕ್ ಎತ್ತಿ ನೋಡಿದರೆ ಎರಡೂ ಚುಕ್ಕೆಗಳು ಕೂದಲೆಳೆಯಷ್ಟೂ ಬಿರುಕು ಬಿಟ್ಟಿರಲಿಲ್ಲ.

ಜಗಳಕ್ಕೆ ಹೋಗಲಿಲ್ಲ. ಮುಂದಿನ ಭಾನುವಾರ ತಣ್ಣಗಿನ ಎಂಜಿನಿನ ಮುಂದೆ, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಹಿಡಿದು ಕುಳಿತೆ. ಪಿಸ್ಟನ್ನನ್ನು ಕಂಪ್ರೆಷನ್ ಹೊಡೆತದ ಮೇಲ್ತುದಿಗೆ ತಂದು, ಕ್ಯಾಮ್ ಚೈನಿನ ಬಾವಿಗೆ ಬಟ್ಟೆ ತುರುಕಿ ಅಳೆದೆ. ಸಂದನ್ನು ಹೊಂದಿಸುವ ಪುಟ್ಟ ಲೋಹದ ಬಿಲ್ಲೆ, ಶಿಮ್, ಒಳಗೆ ಬಿದ್ದರೆ ಅಂದಿನ ಊಟ ರಾತ್ರಿಗೇ. ಒಳಗೆ ಗಾಳಿ ಬಿಡುವ ಇನ್‌ಟೇಕ್ ವಾಲ್ವ್ ಎರಡೂ ಸರಿಯಿದ್ದವು. ಹೊಗೆ ಹೊರಬಿಡುವ ಎಗ್ಸಾಸ್ಟ್ ವಾಲ್ವಿನ ಸಂದಿಗೆ ಕೈಪಿಡಿಯ ಮಿತಿ 0.20ರಿಂದ 0.25 ಮಿ.ಮೀ.; ಒಂದು ವಾಲ್ವ್ 0.18ಕ್ಕೆ ಇಳಿದಿತ್ತು. ವಾಲ್ವ್ ತನ್ನ ಪೀಠದೊಳಗೆ ಸವೆದು ಕೂರುತ್ತ ಹೋದಂತೆ ಈ ಸಂದು ಕಿರಿದಾಗುತ್ತದೆ, ಸದ್ದೂ ಕಡಿಮೆಯಾಗುತ್ತದೆ. ‘ಎಂಜಿನ್ ಎಷ್ಟು ಮೆತ್ತಗಿದೆ’ ಎಂದು ನಾವು ಹಿಗ್ಗುತ್ತಿರುವಾಗ, ಪೂರ್ತಿ ಮುಚ್ಚಿಕೊಳ್ಳಲಾಗದ ಎಗ್ಸಾಸ್ಟ್ ವಾಲ್ವ್ ಒಳಗೆ ಸುಡುತ್ತಿರಬಹುದು. ಟಕಟಕ ಎನ್ನುವ ವಾಲ್ವಿಗಿಂತ ಮೌನಿಗೇ ನಾನು ಹೆಚ್ಚು ಹೆದರುತ್ತೇನೆ. ಲೆಕ್ಕ ಸುಲಭ: ಸಂದು 0.23 ಬೇಕು, ಇರುವುದು 0.18, ಆದ್ದರಿಂದ 2.45ರ ಶಿಮ್ ತೆಗೆದು 2.40ರದನ್ನು ಹಾಕಬೇಕು. ಕೆಲಸ ಅಷ್ಟು ಸುಲಭವಲ್ಲ. ಕ್ಯಾಮ್ ಶಾಫ್ಟ್ ಎತ್ತಿ ಮತ್ತೆ ಕೂರಿಸುವಾಗ ಟೈಮಿಂಗ್ ಗುರುತು ಒಂದು ಹಲ್ಲು ತಪ್ಪಿದರೂ ಎಂಜಿನ್ ಕೆಡಬಹುದು. ಎರಡು ಸುತ್ತು ಕೈಯಿಂದ ತಿರುಗಿಸಿ, ಗುರುತುಗಳನ್ನು ಮತ್ತೆ ಹೊಂದಿಸಿ ನೋಡಿದ ಮೇಲೆಯೇ ಮುಚ್ಚಿದೆ.

ಕ್ಲೇಮ್ ಬಂದದ್ದು 31,000 ಕಿ.ಮೀ.ಯಲ್ಲಿ. ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಕೂಲೆಂಟ್ ತೊಟ್ಟಿಕ್ಕುತ್ತಿತ್ತು. ಆ ರಂಧ್ರ ಇರುವುದೇ ಸೀಲ್ ಸೋತದ್ದನ್ನು ಹೊರಗೆ ತೋರಿಸಲಿಕ್ಕೆ. ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡಿ, ‘ಸರ್, ನಿಮ್ಮ ದಾಖಲೆಯಲ್ಲಿ ಆಯಿಲ್ ಸರ್ವಿಸೇ ಇಲ್ಲ, ಕ್ಲೇಮ್ ಆಗುವುದಿಲ್ಲ’ ಎಂದರು. ನೋಟ್‌ಬುಕ್ ಮುಂದಿಟ್ಟೆ. ಅವರ ಬೆರಳು ನೇರವಾಗಿ ಹೋದದ್ದು ಆ ಸಣ್ಣ ಅಕ್ಷರದ ಪುಟಕ್ಕೆ! ‘ನೋಡಿ, ಎಂಜಿನಿಗೆ ಹೊರಗೆ ಕೆಲಸ ಮಾಡಿಸಿದ್ದೀರಿ.’ ಡ್ರೈನ್ ಬೋಲ್ಟಿನ ರಂಧ್ರಕ್ಕೂ ವಾಟರ್ ಪಂಪಿಗೂ ಏನು ಸಂಬಂಧ ಎಂದು ಕೇಳಿದೆ. ಸಂಬಂಧ ಇದೆ ಎನ್ನುವುದಾದರೆ, ಯಾವ ಕೆಲಸದಿಂದ ಸೀಲ್ ಕೆಟ್ಟಿತೆಂದು ಬರೆದು, ಸಹಿ ಹಾಕಿ ತಿರಸ್ಕಾರದ ಪತ್ರ ಕೊಡಿ ಎಂದೆ. ಪತ್ರ ಕೊಡಲು ಯಾರೂ ಮುಂದಾಗಲಿಲ್ಲ. ಕಡತ ಕಂಪನಿಯ ಪ್ರತಿನಿಧಿಗೆ ಹೋಯಿತು.

ಆ ಮನುಷ್ಯ ಕೇಳಿದ್ದು ಒಂದೇ ಪ್ರಶ್ನೆ, ಸರಿಯಾದ ಪ್ರಶ್ನೆ: ಎರಡು ವರ್ಷಕ್ಕೆ ಬದಲಿಸಿದ ಕೂಲೆಂಟ್ ಯಾವುದು? ನನ್ನ ಕೈಪಿಡಿ ಸಿಲಿಕೇಟ್ ಇಲ್ಲದ ಕೂಲೆಂಟನ್ನೇ ಕೇಳುತ್ತದೆ. ಸಿಲಿಕೇಟ್ ಕಣಗಳು ಪಂಪಿನ ಸೀಲನ್ನು ಉಜ್ಜಿ ಸವೆಸಬಹುದು ಎಂಬ ಕಾರಣಕ್ಕೆ. ಡಬ್ಬಿಯ ಫೋಟೋ, ಬಿಲ್ಲು, ಬೆರೆಸಿದ ಡಿಸ್ಟಿಲ್ಡ್ ನೀರಿನ ಬಿಲ್ಲು ಕೂಡ ಇದ್ದವು. ಹನ್ನೊಂದು ದಿನಕ್ಕೆ ಪಂಪ್ ಪೂರ್ತಿ ಉಚಿತವಾಗಿ ಬದಲಾಯಿತು. ನೀರಿನ ಬಿಲ್ಲನ್ನೂ ಅಂಟಿಸಿದ್ದಕ್ಕೆ ಹೆಂಡತಿ ನಕ್ಕಿದ್ದಳು; ಅವಳಿಗೆ ಆ ಸಂಜೆ ಫೋನ್ ಮಾಡಿದೆ.

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು. ಡಾಟ್ 4 ದರ್ಜೆಯ ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ದ್ರವಕ್ಕೆ ಆ ಮಿತಿ 155. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಅದಕ್ಕೇ. ನಾನೇ ಬದಲಿಸಿದೆ, ಬ್ರೇಕ್ ಚೆನ್ನಾಗಿ ಹಿಡಿಯುತ್ತಿದೆ, ಆದರೂ ಹೊಸಬರಿಗೆ ಇದನ್ನು ಹೇಳಲಾರೆ. ಎಬಿಎಸ್ ಘಟಕದೊಳಗೆ ಗಾಳಿ ಹೊಕ್ಕರೆ ಅದನ್ನು ಹೊರಹಾಕಲು ಡಯಾಗ್ನಾಸ್ಟಿಕ್ ಉಪಕರಣ ಬೇಕಾಗಬಹುದು. ಆಯಿಲ್ ಕೆಲಸ ಕೆಟ್ಟರೆ ಎಂಜಿನ್ ಹೋಗುತ್ತದೆ, ಇಲ್ಲಿ ಕೆಟ್ಟರೆ ಸವಾರನೇ.

ಸೆಂಟರಿಗೆ ಹೋಗದಿರುವುದರಿಂದ ಕೈತಪ್ಪುವುದೂ ಇದೆ. ಸಾಫ್ಟ್‌ವೇರ್ ಪರಿಷ್ಕರಣೆ, ರೀಕಾಲ್ ಸುದ್ದಿಗಳು ಬೈಕ್ ಅಲ್ಲಿಗೆ ಹೋದಾಗ ತಾವಾಗಿ ತಿಳಿಯುತ್ತವೆ. ನನ್ನ ಬೈಕಿನ ರೀಕಾಲ್ ಗೊತ್ತಾದದ್ದು ಕಂಪನಿಯ ಜಾಲತಾಣದಲ್ಲಿ ಚಾಸಿ ಸಂಖ್ಯೆ ಹಾಕಿ ನೋಡಿದಾಗ. ಸರ್ವಿಸ್ ಯಾರು ಮಾಡಿದ್ದರೂ ರೀಕಾಲ್ ಕೆಲಸಕ್ಕೆ ತಕರಾರು ಇರಲಿಲ್ಲ, ಅರ್ಧ ದಿನದಲ್ಲಿ ಮುಗಿಯಿತು. ಸರ್ವಿಸ್ ಜ್ಞಾಪಕ ದೀಪ ಮಾತ್ರ ಎರಡು ವರ್ಷ ಉರಿಯುತ್ತಲೇ ಇತ್ತು, ಅದನ್ನು ಆರಿಸುವ ಉಪಕರಣ ನನ್ನ ಬಳಿ ಇಲ್ಲ. ಪಂಪ್ ಬದಲಿಸಿದ ದಿನ ಅಲ್ಲಿಯ ಮೆಕ್ಯಾನಿಕ್ ಕೇಳದೆಯೇ ಆರಿಸಿ ಕೊಟ್ಟ.

ದುಡ್ಡಿನ ಲೆಕ್ಕ ಕೇಳುವವರಿಗೆ: ಉಪಕರಣಗಳ ಖರ್ಚು ಹುಟ್ಟಲು ನನಗೆ ಎರಡು ವರ್ಷ ಬೇಕಾಯಿತು, ಹೆಲಿಕಾಯಿಲ್ ಸೇರಿಸಿದರೆ ಇನ್ನೂ ಮೂರು ತಿಂಗಳು. ವರ್ಷಕ್ಕೆ ಎರಡು ಮೂರು ಸಾವಿರ ಕಿ.ಮೀ. ಮಾತ್ರ ಓಡಿಸುವವರಿಗೆ ಇದು ಗಿಟ್ಟದು. ಕಾಗದ ಜೋಡಿಸಿಡುವ ಅಭ್ಯಾಸ ಇಲ್ಲದವರಿಗಂತೂ ಬೇಡವೇ ಬೇಡ.

ಮುಂದಿನ ವಾಲ್ವ್ ಪರೀಕ್ಷೆ 40,000ಕ್ಕೆ. 2.35ರ ಶಿಮ್ ಒಂದನ್ನು ಈಗಲೇ ತಂದಿಟ್ಟಿದ್ದೇನೆ. ಟಾರ್ಕ್ ರೆಂಚನ್ನು ಯಾರಿಗೂ ಕೊಟ್ಟಿಲ್ಲ.