ಯೂರಿನ್ ಕಲ್ಚರ್‌ಗೆ ಎರಡು ಸಲ ಅಲೆದೆ, ಲ್ಯಾಬ್‌ಗೆ 5ಕ್ಕೆ 3
ಈ ವರ್ಷ ಇದು ಮೂರನೇ ಸಲ ಉರಿಮೂತ್ರ. ಅತ್ತೆ "ಉಷ್ಣ ಕಣೆ, ಬಾರ್ಲಿ ನೀರು ಕುಡಿ" ಅಂದರು. ಕುಡಿದೆ, ಎಳನೀರೂ ಆಯಿತು. ಹಿಂದಿನ ಎರಡು ಸಲ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಮಾತ್ರೆ ನುಂಗಿದ್ದೆ (ತಪ್ಪು, ಗೊತ್ತು). ಈ ಸಲ ಡಾಕ್ಟರ್ ಬೈದು, ಜ್ವರ ಇಲ್ಲ, ತಡೆಯೋಕಾದರೆ ರಿಪೋರ್ಟ್ ನೋಡಿ ಮಾತ್ರೆ ಕೊಡೋಣ ಅಂತ ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಟೆಸ್ಟ್) ಬರೆದುಕೊಟ್ಟರು. ಹಾಸನದ ಒಂದು ಲ್ಯಾಬ್‌ಗೆ ಹೋದೆ. ಹೆಸರು ಬೇಡ.

ಕೌಂಟರ್ ಹುಡುಗ ಡಬ್ಬಿ ಕೊಟ್ಟು ಟಾಯ್ಲೆಟ್ ಕಡೆ ಕೈ ತೋರಿಸಿದ, ಅಷ್ಟೇ. ನಾನು ಮುಚ್ಚಳವನ್ನು ಸಿಂಕ್ ಮೇಲೆ ಬೋರಲು ಹಾಕಿ, ಶುರುವಿನಿಂದಲೇ ಹಿಡಿದುಕೊಟ್ಟೆ. ಎರಡು ದಿನ ಬಿಟ್ಟು ರಿಪೋರ್ಟ್: ಹಲವು ಬ್ಯಾಕ್ಟೀರಿಯಾ ಬೆರೆತಿವೆ, ಮತ್ತೆ ಸ್ಯಾಂಪಲ್ ಕೊಡಿ! ಹತ್ತು ನಿಮಿಷಕ್ಕೊಮ್ಮೆ ಹೋಗಬೇಕು ಅನ್ನಿಸುವವಳಿಗೆ ಬೇಲೂರಿಂದ ಬಸ್ಸಿನಲ್ಲಿ ಇನ್ನೊಂದು ಸಲ ಬರೋದು ಅಂದರೆ... ದಾರಿಯಲ್ಲಿ ಹಗರೆ ಬರುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು.

ಎರಡನೇ ಸಲ ಇದ್ದ ಅಕ್ಕ ಬಂಗಾರ. "ತೊಳ್ಕೊಂಡು, ಮೊದಲು ಬರೋದನ್ನ ಬಿಟ್ಟು ಮಧ್ಯದ್ದು ಹಿಡೀರಿ, ಮುಚ್ಚಳ ಕೈಯಲ್ಲೇ ಇರಲಿ, ಒಳಗೆ ಮುಟ್ಟಬೇಡಿ" ಅಂತ ಖಾಲಿ ಡಬ್ಬಿಯಲ್ಲೇ ಮಾಡಿ ತೋರಿಸಿದರು. ಈ ಸಲ ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ ಒಂದೇ ಸಿಕ್ಕಿತು. ಪಕ್ಕದಲ್ಲಿ ಔಷಧಿಗಳ ಪಟ್ಟಿ, ಕೆಲಸ ಮಾಡೋದಕ್ಕೆ 'ಎಸ್', ಮಾಡದ್ದಕ್ಕೆ 'ಆರ್'. ಅಂಗಡಿಯಿಂದ ತಂದು ಎರಡು ಸಲ ನುಂಗಿದ ಮಾತ್ರೆಯ ಮುಂದೆ 'ಆರ್' ಇತ್ತು! ಡಾಕ್ಟರ್ 5 ದಿನ ನೈಟ್ರೋಫ್ಯುರಾಂಟಾಯಿನ್ ಅನ್ನೋ ಆಂಟಿಬಯೋಟಿಕ್ ಕೊಟ್ಟರು, ಹೋಯಿತು.

ಎರಡು ದಿನ ಕಾಯಿಸಿದ್ದಕ್ಕೆ ಮಾತ್ರ ಲ್ಯಾಬನ್ನು ಬೈಯಲ್ಲ. ಬ್ಯಾಕ್ಟೀರಿಯಾ ಒಂದು ರಾತ್ರಿ ಬೆಳೆಯಬೇಕು, ಆಮೇಲೆ ಔಷಧಿ ಹಾಕಿ ಮತ್ತೆ ನೋಡಬೇಕು. ಮೂತ್ರದಲ್ಲಿ ಸಣ್ಣ ಸ್ಟ್ರಿಪ್ ಅದ್ದಿ ನೋಡುವ ಟೆಸ್ಟ್ ನಿಮಿಷಗಳಲ್ಲಿ ಮುಗಿಯುತ್ತೆ, ಆದರೆ ಯಾವ ಔಷಧಿ ನಾಟುತ್ತೆ ಅಂತ ಹೇಳಲ್ಲ. ಸಂಶೋಧನೆ ಆಗಬೇಕಾಗಿರೋದು ಇಲ್ಲೇ ಅಲ್ವಾ, ಕೂತ ಜಾಗದಲ್ಲೇ ಔಷಧಿ ಹೇಳುವ ಅಗ್ಗದ ಟೆಸ್ಟ್ ನಮ್ಮ ತಾಲೂಕಿಗೂ ಬರಬೇಕು.

ಇದು ಮತ್ತೆ ಬರದಂತೆ ತಡೆಯೋದರ ಬಗ್ಗೆಯೂ ಸರಿಯಾದ ಪ್ರಯೋಗ ಜಾಸ್ತಿ ಬೇಕು. ನೀರು ಕಡಿಮೆ ಕುಡಿಯುವ, ಪದೇಪದೇ ಇದೇ ಕಾಟ ಇರುವ ಹೆಂಗಸರಿಗೆ ದಿನಾ 1.5 ಲೀಟರ್ ಜಾಸ್ತಿ ಕುಡಿಸಿ ನೋಡಿದ ಅಧ್ಯಯನ 2018ರಲ್ಲಿ ಬಂತು. ಜಾಸ್ತಿ ಕುಡಿಯದವರಿಗೆ ವರ್ಷಕ್ಕೆ ಸರಾಸರಿ 3.2 ಸಲ ಆದರೆ, ಕುಡಿದವರಿಗೆ 1.7 ಸಲ. ಡಿ-ಮ್ಯಾನೋಸ್ ಅನ್ನೋ ಒಂದು ಬಗೆಯ ಸಕ್ಕರೆ ಪುಡಿಯನ್ನು ಬ್ರಿಟನ್‌ನಲ್ಲಿ ಸುಮಾರು 600 ಹೆಂಗಸರಿಗೆ ಆರು ತಿಂಗಳು ಕೊಟ್ಟು ನೋಡಿದರು, 2024ರ ವರದಿ, ಹೇಳಿಕೊಳ್ಳುವ ಉಪಯೋಗ ಕಾಣಲಿಲ್ಲ. ನಾನು ತರಿಸಿದ್ದ ಡಬ್ಬಿ ಕಾಫಿಪುಡಿ ಪಕ್ಕ ಸುಮ್ನೆ ಕೂತಿದೆ. ಅತ್ತೆಯ ಬಾರ್ಲಿ ನೀರಲ್ಲಿ ಕೆಲಸ ಮಾಡೋದು ಬಾರ್ಲಿಯೋ ನೀರೋ, ಅದನ್ನೂ ಯಾರಾದರೂ ನೋಡಲಿ.

ಎರಡು ಸ್ಟಾರ್ ಕತ್ತರಿಸಿದ್ದು ಆ ಹುಡುಗನಿಗೆ. ಟಾಯ್ಲೆಟ್ ಗೋಡೆಗೆ ಕನ್ನಡದಲ್ಲಿ ನಾಲ್ಕು ಸಾಲು ಅಂಟಿಸಿ ಸ್ವಾಮಿ. ಹಾಗೇ ಚಿಲಕವನ್ನೂ ಸರಿ ಮಾಡಿಸಿ, ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಮುಚ್ಚಳ, ಡಬ್ಬಿ ಹಿಡಿಯೋದು ಯಾವುದರಲ್ಲಿ?