ಗ್ಲಾಸಿನಲ್ಲಿ ನೆಲ್ಲಿಕಾಯಿ ಹುಡುಕಿದವನ ಒಂದು ವರ್ಷದ ಚಂದಾ

ಮೂರು ವರ್ಷ ನಾನು ವೈನ್ ಗ್ಲಾಸಿನಲ್ಲಿ ನೆಲ್ಲಿಕಾಯಿ ಹುಡುಕಿದೆ. ನ್ಯೂಜಿಲೆಂಡಿನ ಸೊವಿನ್ಯೋ ಬ್ಲಾಂಕ್ ಅನ್ನುವ ಬಿಳಿ ವೈನ್ ಬಗ್ಗೆ ಯಾರು ಬರೆದರೂ ಅದರಲ್ಲಿ ಗೂಸ್‌ಬೆರಿ ಅನ್ನುವ ಮಾತು ಬಂದೇ ಬರುತ್ತದೆ. ತುಮಕೂರಿನ ಶಾಲೆಯಲ್ಲಿ ಗೂಸ್‌ಬೆರಿ ಅಂದರೆ ನೆಲ್ಲಿಕಾಯಿ ಅಂತ ಬಾಯಿಪಾಠ ಮಾಡಿದವನು ನಾನು. ಮೂಗನ್ನು ಪೂರ್ತಿ ಗ್ಲಾಸಿಗೆ ತೂರಿಸಿದರೂ ನೆಲ್ಲಿಕಾಯಿಯ ಸುಳಿವಿಲ್ಲ. ನನ್ನ ಮೂಗೇ ಸರಿಯಿಲ್ಲ ಅಂದುಕೊಂಡು ಸುಮ್ಮನಾಗಿದ್ದೆ.

ಆಮೇಲೆ ಒಂದು ಜುಲೈನಲ್ಲಿ ಇಲ್ಲೇ ಇಂಗ್ಲೆಂಡಿನ ರೆಡಿಂಗ್ ಹತ್ತಿರದ ತೋಟವೊಂದಕ್ಕೆ ಮಕ್ಕಳ ಜೊತೆ ಹಣ್ಣು ಕೀಳಲು ಹೋಗಿದ್ದೆವು. ಅಲ್ಲಿತ್ತು ಇಂಗ್ಲಿಷರ ಗೂಸ್‌ಬೆರಿ. ಮುಳ್ಳಿನ ಗಿಡ, ಹಸಿರು ಹಣ್ಣು, ಒಳಗಿನಿಂದ ಕಾಣುವ ತೆಳು ಗೆರೆಗಳು, ಮೈಮೇಲೆ ಸಣ್ಣ ರೋಮ. ಕಚ್ಚಿದೆ. ಹುಳಿ, ಜೊತೆಗೆ ಆಗ ತಾನೆ ಕಿತ್ತ ಎಲೆಯ ಹಸಿ ವಾಸನೆ. ಅಯ್ಯೋ, ಇದಾ! ಇದು ಮೊದಲ ಬಾಟಲಿಯಲ್ಲೇ ಸಿಕ್ಕಿತ್ತಲ್ಲ! ನೆಲ್ಲಿಕಾಯಿಗೂ ಇದಕ್ಕೂ ಯಾವ ನಂಟೂ ಇಲ್ಲ.

ಅಂದಿನಿಂದ ವೈನ್ ಬಗ್ಗೆ ಏನು ಓದಬೇಕು, ಯಾರನ್ನು ನಂಬಬೇಕು ಅನ್ನುವುದರಲ್ಲಿ ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಂಡೆ. ಮೊದಲು ದುಡ್ಡು ಕೊಟ್ಟು ಸೇರಿದ ಜಾಲತಾಣದ ಹೆಸರು ಬೇಡ. ಅಲ್ಲಿ ಎಲ್ಲ ವೈನಿಗೂ ನೂರಕ್ಕೆ 93, 94. ಪರೀಕ್ಷೆಯಲ್ಲಿ ಎಲ್ಲರೂ ಫಸ್ಟ್ ಕ್ಲಾಸ್! 94ರ ಒಂದು ಕೆಂಪು ವೈನ್ ತಂದರೆ ಬೆಲ್ಲದ ಪಾಕ ಕುಡಿದ ಹಾಗಿತ್ತು. ಆರು ತಿಂಗಳಿಗೆ ಬಿಟ್ಟೆ.

ಆಗ ಆಫೀಸಿನ ಗೆಳೆಯನೊಬ್ಬ ಒಂದು ದಾರಿ ಹೇಳಿಕೊಟ್ಟ. ಬಾಟಲಿಗೆ ಬಂದ ಬಹುಮಾನ ನೋಡಬೇಡ, ಬರೆದವರಿಗೆ ಬಂದ ಬಹುಮಾನ ನೋಡು ಅಂದ. ಹೌದು, ಹಾಗೂ ಒಂದು ಇತ್ತು. ಲೂಯಿ ರೋಡರರ್ ಹೆಸರಿನಲ್ಲಿ ವೈನ್ ಬರಹಗಾರರಿಗೆ ಪ್ರಶಸ್ತಿ ಕೊಡುತ್ತಿದ್ದರು. ಪುಸ್ತಕ, ಪತ್ರಿಕೆಯ ಅಂಕಣಗಳಿಗೆ ಮಾತ್ರವಲ್ಲ, ಅಂತರ್ಜಾಲದಲ್ಲಿ ಬರೆಯುವವರಿಗೂ ಅದರಲ್ಲಿ ಜಾಗ ಇತ್ತು. ರೋಡರರ್ ಅಂದರೆ ಫ್ರಾನ್ಸಿನ ರ‍್ಯಾನ್ಸ್ ಊರಿನ ಶಾಂಪೇನ್ ಮಾಡುವ ಕಂಪನಿ, 1776ರದ್ದು. ವೈನ್ ಮಾಡುವವರೇ ವೈನ್ ವಿಮರ್ಶಕರಿಗೆ ಬಹುಮಾನ ಕೊಡುವುದು ನನಗೆ ಇವತ್ತಿಗೂ ಸ್ವಲ್ಪ ಇರುಸುಮುರುಸು. ಅಡುಗೆ ಭಟ್ಟರೇ ಊಟ ಹೊಗಳಿದವರಿಗೆ ಶಾಲು ಹೊದಿಸಿದ ಹಾಗೆ. ತೀರ್ಪುಗಾರರು ಬೇರೆಯವರು ನಿಜ. ಆದರೂ.

ಆ ಬಹುಮಾನ ಬಂದವರ ಪಟ್ಟಿಯಿಂದ ನಾನು ಆರಿಸಿಕೊಂಡಿದ್ದು ಜಾನ್ಸಿಸ್ ರಾಬಿನ್ಸನ್ ಡಾಟ್ ಕಾಮ್. 2010ರಲ್ಲಿ ವರ್ಷದ ವೈನ್ ಜಾಲತಾಣ ಅಂತ ಇದಕ್ಕೆ ರೋಡರರ್ ಪ್ರಶಸ್ತಿ ಬಂದಿತ್ತು. ಶುರುವಾಗಿದ್ದು 2000ದಲ್ಲಿ. ಅದನ್ನು ಶುರು ಮಾಡಿದ ಇಂಗ್ಲೆಂಡಿನ ವೈನ್ ವಿಮರ್ಶಕಿ ಜಾನ್ಸಿಸ್ 1984ರಲ್ಲಿ ಮಾಸ್ಟರ್ ಆಫ್ ವೈನ್ ಅನ್ನುವ, ವೈನ್ ಲೋಕದ ದೊಡ್ಡ ಪರೀಕ್ಷೆ ಪಾಸು ಮಾಡಿದವರು. ವೈನ್ ವ್ಯಾಪಾರದವರಲ್ಲದೆ ಹೊರಗಿನವರೊಬ್ಬರು ಅದನ್ನು ಪಾಸು ಮಾಡಿದ್ದು ಅದೇ ಮೊದಲು. ಜಾಲತಾಣವನ್ನು 2021ರಲ್ಲಿ ಅಮೆರಿಕದ ಕಂಪನಿಯೊಂದಕ್ಕೆ ಮಾರಿದರು.

ಇಲ್ಲಿ ನನಗೆ ಮೊದಲು ಹಿಡಿಸಿದ್ದು ಅಂಕದ ಲೆಕ್ಕ. ನೂರಕ್ಕಲ್ಲ, ಇಪ್ಪತ್ತಕ್ಕೆ. ಪ್ರತಿ ಅಂಕಕ್ಕೂ ಒಂದು ಅರ್ಥ ಕೊಟ್ಟಿದ್ದಾರೆ. 15 ಅಂದರೆ ಸಾಧಾರಣ. 14 ಅಂದರೆ ಸಾಯುವಷ್ಟು ಸಪ್ಪೆ. 12 ಅಂದರೆ ದೋಷ ಇದೆ ಅಂತಲೋ, ಹದ ತಪ್ಪಿದೆ ಅಂತಲೋ. 16 ಬಂದರೆ ನಾನು ಕಣ್ಣುಮುಚ್ಚಿ ತರುತ್ತೇನೆ. ಅಂಕ ಕೊಡುವುದೇ ತಮಗೆ ಅಷ್ಟು ಇಷ್ಟವಿಲ್ಲ ಅಂತ ಅವರೇ ಬರೆದಿದ್ದಾರೆ, ಅದೂ ಇಷ್ಟವಾಯಿತು.

ಸದಸ್ಯರಿಗೆ ಎರಡು ಲಕ್ಷಕ್ಕೂ ಜಾಸ್ತಿ ವೈನುಗಳ ಟಿಪ್ಪಣಿ ಸಿಗುತ್ತದೆ. ನನಗೆ ಅದಕ್ಕಿಂತ ದೊಡ್ಡ ಲಾಭ ಅಂದರೆ ಆಕ್ಸ್‌ಫರ್ಡಿನ ವೈನ್ ಕೋಶ ಪೂರ್ತಿ ಓದಲು ಸಿಗುವುದು. ಅದರ ಬೆಲೆ ಗೊತ್ತಾಗಿದ್ದು ಅಮ್ಮನಿಂದ.

ಹೋದ ವರ್ಷ ಅಮ್ಮ ಬಂದಿದ್ದಳು. ನಾನು ಆಸ್ಟ್ರೇಲಿಯಾದ ಕ್ಲೇರ್ ವ್ಯಾಲಿಯ ರೀಸ್ಲಿಂಗ್ ಅನ್ನುವ ಬಿಳಿ ವೈನ್ ತೆಗೆದಿದ್ದೆ, ಎಂಟು ವರ್ಷ ಹಳೆಯದು. ಅಮ್ಮ ಕುಡಿಯುವವಳಲ್ಲ. ಟೇಬಲ್ ಒರೆಸಲು ಬಂದವಳು ಗ್ಲಾಸ್ ಎತ್ತಿ ಮೂಸಿ, "ಏನೋ ಇದು, ಸೀಮೆಎಣ್ಣೆ ಸ್ಟೋವ್ ವಾಸನೆ! ಕುಡೀಬೇಡ ಕಣೋ, ಕೆಟ್ಟಿರ್ಬೇಕು" ಅಂದಳು. ನಾನು ಆ ಬಾಟಲಿಯ ಬಗ್ಗೆ ಕಲ್ಲು, ಖನಿಜ ಅಂತೆಲ್ಲ ಏನೇನೋ ಬರೆದುಕೊಳ್ಳುತ್ತಾ ಕೂತಿದ್ದೆ. ಕೋಶ ತೆಗೆದು ನೋಡಿದರೆ ಟಿಡಿಎನ್ ಅನ್ನುವ ರಾಸಾಯನಿಕದ ಬಗ್ಗೆ ಒಂದು ನಮೂದು. ಹಳೆಯ ರೀಸ್ಲಿಂಗಿನ ಸೀಮೆಎಣ್ಣೆ ವಾಸನೆಗೆ ಅದೇ ಕಾರಣ. ದ್ರಾಕ್ಷಿಗೆ ಬಿಸಿಲು ಜಾಸ್ತಿ ಬಿದ್ದಷ್ಟೂ, ಬಾಟಲಿಯಲ್ಲಿ ವರ್ಷ ಕಳೆದಷ್ಟೂ ಅದು ಏರುತ್ತದೆ. ಅಮ್ಮ ಎರಡು ಸೆಕೆಂಡಿನಲ್ಲಿ ಹಿಡಿದಿದ್ದಳು. ಕೆಟ್ಟಿಲ್ಲಮ್ಮ, ಇದು ಹೀಗೇ ಇರೋದು ಅಂದೆ. ನಂಬಲಿಲ್ಲ.

ಇನ್ನೊಂದು ಮಾತು. ಟ್ಯಾನಿನ್ ಬಗ್ಗೆ ಇಂಗ್ಲಿಷಿನವರು ಪುಟಗಟ್ಟಲೆ ವಿವರಿಸುತ್ತಾರೆ. ಹಲ್ಲಿನ ಮೇಲೆ ಬಟ್ಟೆ ಎಳೆದ ಹಾಗೆ, ಕಡು ಚಹಾದ ಹಾಗೆ, ಅಂತೆಲ್ಲ. ನಮಗೆ ಒಂದೇ ಪದ ಸಾಕು: ಒಗರು. ನೇರಳೆ ಹಣ್ಣು ತಿಂದು ನಾಲಿಗೆ ಒರಟಾದ ಯಾರಿಗಾದರೂ ಇಟಲಿಯ ಬರೋಲೊ ಅನ್ನುವ ಕೆಂಪು ವೈನ್ ಅರ್ಧ ಅರ್ಥವಾದ ಹಾಗೆಯೇ. ಬಹುಮಾನ ಬಂದ ಲೇಖನಗಳನ್ನು ಓದುವಾಗಲೂ ನಾನು ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡಿರುತ್ತೇನೆ, ಅವರ ಹಣ್ಣಿಗೆ ನನ್ನ ಹಣ್ಣು ಬರೆಯಲು. ಮುಗ್ಗಲು ವಾಸನೆ ಅಂದರೆ ಕಾರ್ಕ್ ಕೆಟ್ಟಿದೆ. ಅದಕ್ಕೆ ಮಳೆಗಾಲದ ನಮ್ಮ ಹಳೇ ಮನೆಯ ಟ್ರಂಕು ನೆನಪಿಸಿಕೊಂಡರೆ ಆಯಿತು.

ಯಾರಿಗೆ ಇದು ಬೇಡ? ಸಂಜೆ ಪಾರ್ಟಿಗೆ ಒಂದು ಬಾಟಲಿ ಹೆಸರು ಸಾಕು ಅನ್ನುವವರಿಗೆ. ಅವರಿಗೆ ವಾರಕ್ಕೊಂದು ವೈನ್ ಬಗ್ಗೆ ಬರುವ ಉಚಿತ ಲೇಖನವೇ ಧಾರಾಳ. ಟಿಪ್ಪಣಿಗಳೂ ತೀರಾ ಚುಟುಕು, ಹೊಸಬರಿಗೆ ಟೆಲಿಗ್ರಾಂ ಓದಿದ ಹಾಗಿರುತ್ತದೆ. ಕೂತು ಓದುವ ಚಟ ಇದ್ದವರಿಗೆ ಮಾತ್ರ ದುಡ್ಡು ವಸೂಲಿ. ನನಗೆ ತಿಂಗಳಿಗೆ ಒಂದು ಒಳ್ಳೆ ಬಾಟಲಿಗಿಂತ ಕಮ್ಮಿಯೇ ಬಿತ್ತು.

ಓದುಗರಿಗೂ ಪ್ರತಿವರ್ಷ ಒಂದು ಬರಹದ ಸ್ಪರ್ಧೆ ಇಡುತ್ತಾರೆ. ನೆಲ್ಲಿಕಾಯಿ ಕಥೆ ಕಳಿಸೋಣ ಅಂತ ಎರಡು ಸಲ ಕೂತೆ, ಒಂದು ಪುಟ ದಾಟಲಿಲ್ಲ. ಚಂದಾ ಮಾರ್ಚ್‌ಗೆ ಮುಗಿಯುತ್ತದೆ. ಮತ್ತೆ ಕಟ್ಟುತ್ತೇನೆ.